ಮೋಟರ್‌ಹೋಮ್‌ನಲ್ಲಿ ಸ್ಟಾಕ್‌ಹೋಮ್‌ಗೆ: ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದರಿಂದ ಶುರು ಮಾಡಿ

ಪ್ರಶ್ನೆ: ನಾವು ಹ್ಯಾಂಬರ್ಗ್‌ನಲ್ಲಿದ್ದೇವೆ. ನಾನು, ನನ್ನ ಗಂಡ, 5 ಮತ್ತು 3 ವರ್ಷದ ಇಬ್ಬರು ಮಕ್ಕಳು. ಈ ಬೇಸಿಗೆಗೆ ಮೈಸೂರಿನಿಂದ ನಮ್ಮ ಅತ್ತೆಯೂ ಬರುತ್ತಿದ್ದಾರೆ, ಅವರಿಗೆ 68 ವರ್ಷ. ಎರಡು ವಾರ ಮೋಟರ್‌ಹೋಮ್ (ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡು ಸ್ಟಾಕ್‌ಹೋಮ್‌ಗೆ ಹೋಗಬೇಕು ಅಂತಿದ್ದೇವೆ. ಅಷ್ಟು ದೂರ ಹೋದಮೇಲೆ ಓಸ್ಲೋ ಕೂಡ ನೋಡಿಬಿಡೋಣ ಅನ್ನುತ್ತಾರೆ ನಮ್ಮ ಮನೆಯವರು. ಜೂನ್ ಮೂರನೇ ವಾರ ಹೊರಡುವ ಯೋಚನೆ. ಇಬ್ಬರಿಗೂ ಜರ್ಮನ್ ಲೈಸೆನ್ಸ್ ಇದೆ, ಆದರೆ ಇಷ್ಟು ದೊಡ್ಡ ಗಾಡಿ ಓಡಿಸಿ ಗೊತ್ತಿಲ್ಲ. ದಾರಿ, ಗಾಡಿ, ತಂಗುವ ಜಾಗ, ಅಡುಗೆ, ಯಾವುದರಿಂದ ಶುರು ಮಾಡಬೇಕು?

ಉತ್ತರ: ಸ್ಟಾಕ್‌ಹೋಮ್‌ನಲ್ಲಿ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ದಾರಿ, ಹಡಗು, ಗಾಡಿಯ ಅಳತೆ, ದಿನಗಳ ಲೆಕ್ಕ ಎಲ್ಲವೂ ಅದರ ಹಿಂದೆ ಬರುತ್ತವೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಗಾಡಿ ಬುಕ್ ಮಾಡುತ್ತಾರೆ, ಆಮೇಲೆ ಮ್ಯಾಪ್ ನೋಡುತ್ತಾರೆ, ಊರು ಹತ್ತಿರ ಬಂದಾಗ ಫೋನಿನಲ್ಲಿ ಜಾಗ ಹುಡುಕಲು ಕೂರುತ್ತಾರೆ. ಕಾಡು, ಕೆರೆ ನೋಡುವ ಪ್ರವಾಸಕ್ಕೆ ಅದು ನಡೆದೀತು. ದೊಡ್ಡ ಊರಿಗೆ ಹೋಗುವಾಗ, ಅದೂ ಪುಟ್ಟ ಮಕ್ಕಳು ಮತ್ತು ಹಿರಿಯರು ಜೊತೆಗಿರುವಾಗ, ನಡೆಯುವುದಿಲ್ಲ.

ನಿಮಗೆ ಸಿಗುವ ಗಾಡಿ ಸುಮಾರು 7 ಮೀಟರ್ ಉದ್ದ, 3 ಮೀಟರ್ ಎತ್ತರ ಇರುತ್ತದೆ. ಸ್ಟಾಕ್‌ಹೋಮ್ ಇರುವುದೇ 14 ದ್ವೀಪಗಳ ಮೇಲೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಸೇತುವೆ ದಾಟಬೇಕು. ಪಾರ್ಕಿಂಗ್ ಕಟ್ಟಡಗಳ ಒಳಗೆ ಎರಡು ಮೀಟರ್ ಚಿಲ್ಲರೆ ಎತ್ತರದ ಗಾಡಿಗಷ್ಟೇ ಜಾಗ. ಬೀದಿ ಬದಿಯ ಜಾಗವೂ ಕಾರಿನ ಅಳತೆಯದ್ದು. ಹಾಗಾಗಿ ಗಾಡಿಯಲ್ಲೇ ಊರು ಸುತ್ತುವ ಆಸೆ ಇದ್ದರೆ ಇವತ್ತೇ ಬಿಟ್ಟುಬಿಡಿ. ಮೆಟ್ರೋ ನಿಲ್ದಾಣಕ್ಕೆ ಅಜ್ಜಿ ನಡೆದು ಹೋಗುವಷ್ಟು ಹತ್ತಿರ ಗಾಡಿ ನಿಲ್ಲಿಸಿ. ನಾಲ್ಕು ರಾತ್ರಿ ಅದನ್ನು ಅಲ್ಲಿಂದ ಕದಲಿಸಬೇಡಿ.

ಇಂಥ ಜಾಗಗಳಲ್ಲಿ ನಿಮಗೆ ನಾನು ಹೇಳುವುದು ಬ್ರೆಡೆಂಗ್ ಕ್ಯಾಂಪಿಂಗ್. ಇದು ಊರಿನ ನೈಋತ್ಯಕ್ಕೆ, ಮೆಲಾರೆನ್ ಸರೋವರದ ಪಕ್ಕದಲ್ಲಿದೆ. ನೀವು ದಕ್ಷಿಣದಿಂದ ಇ4 ಹೆದ್ದಾರಿಯಲ್ಲಿ ಬರುತ್ತೀರಿ, ಊರಿನ ನಡುಭಾಗ ಸಿಗುವ ಮೊದಲೇ ಇಳಿದು ಕ್ಯಾಂಪ್ ಸೇರಬಹುದು. ಅಲ್ಲಿಂದ ಬ್ರೆಡೆಂಗ್ ಮೆಟ್ರೋ ನಿಲ್ದಾಣ ಹತ್ತು ನಿಮಿಷದ ನಡಿಗೆ. ಕೆಂಪು ಮಾರ್ಗದ 13ನೇ ನಂಬರ್ ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಊರಿನ ನಡುಭಾಗದ ಸ್ಲುಸೆನ್, ಗಾಮ್ಲಾ ಸ್ಟಾನ್ (ಹಳೆಯ ಪೇಟೆ), ಟಿ-ಸೆಂಟ್ರಾಲೆನ್ (ಮುಖ್ಯ ನಿಲ್ದಾಣ) ಮೂರೂ ಸಿಗುತ್ತವೆ, ಸುಮಾರು 20 ನಿಮಿಷ ಅಷ್ಟೇ. ಸಂಜೆ ಮಕ್ಕಳು ಸುಸ್ತಾಗಿ ರೇಗಲು ಶುರು ಮಾಡಿದಾಗ ಒಂದೇ ರೈಲಿನಲ್ಲಿ ವಾಪಸ್ ಬರುವುದು ಎಷ್ಟು ದೊಡ್ಡ ಅನುಕೂಲ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ಬ್ರೆಡೆಂಗ್‌ಗೆ ಇನ್ನೊಂದು ಅನುಕೂಲವಿದೆ. ಸ್ಟಾಕ್‌ಹೋಮ್ ನಡುಭಾಗಕ್ಕೆ ಹೋಗುವ, ಅಲ್ಲಿಂದ ಹೊರಬರುವ ವಾಹನಗಳಿಗೆ ದಟ್ಟಣೆ ತೆರಿಗೆ ಇದೆ. 2007ರಿಂದ ಇದು ಕಾಯಂ ಆಯಿತು, 2015ರಿಂದ ಹೊರದೇಶದ ಗಾಡಿಗಳಿಗೂ ಬಂತು. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ ಸಂಜೆ 6:29ರವರೆಗೆ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ನಿಂತು ಹಣ ಕಟ್ಟುವ ಗೇಟು ಇಲ್ಲ. ಬಿಲ್ಲು ಗಾಡಿಯ ಮಾಲೀಕರಿಗೆ, ಅಂದರೆ ಬಾಡಿಗೆ ಕಂಪನಿಗೆ ಹೋಗುತ್ತದೆ. ಅವರು ತಮ್ಮ ಕೆಲಸದ ಶುಲ್ಕ ಸೇರಿಸಿ ನಿಮ್ಮಿಂದ ವಸೂಲು ಮಾಡುತ್ತಾರೆ. ಶನಿವಾರ, ಭಾನುವಾರ ತೆರಿಗೆ ಇಲ್ಲ. ಜುಲೈನಲ್ಲೂ ಮೊದಲ ಐದು ಕೆಲಸದ ದಿನ ಬಿಟ್ಟರೆ ಇಲ್ಲ. ದಕ್ಷಿಣದಿಂದ ಬಂದು ಬ್ರೆಡೆಂಗ್‌ನಲ್ಲೇ ನಿಲ್ಲುವವರಿಗೆ ಈ ತಲೆನೋವೇ ಬರುವುದಿಲ್ಲ, ಏಕೆಂದರೆ ತೆರಿಗೆಯ ಗಡಿ ಶುರುವಾಗುವುದು ಅದರ ಆಚೆ.

ಲಾಂಗ್‌ಹೋಲ್ಮೆನ್ ದ್ವೀಪದ ಮೋಟರ್‌ಹೋಮ್ ತಾಣದ ಹೆಸರನ್ನೂ ಕೇಳಿರುತ್ತೀರಿ. ಅದು ಊರಿನ ಒಳಗೇ ಇದೆ, ಹೋರ್ನ್ಸ್‌ಟುಲ್ ಮೆಟ್ರೋಗೆ ನಡೆದು ಹೋಗಬಹುದು. ಇಬ್ಬರೇ ಹೋಗುವವರಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಅಲ್ಲಿ ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತವೆ, ಮೇಲಿನ ದೊಡ್ಡ ಸೇತುವೆಯ ಸದ್ದು ಕೇಳುತ್ತದೆ, ಮೂರು ವರ್ಷದ ಮಗು ಓಡಾಡಲು ಹುಲ್ಲಿನ ಜಾಗ ಕಡಿಮೆ. ತೆರಿಗೆಯ ಗಡಿಯೂ ದಾಟಬೇಕು. ಪಕ್ಕದ ಹೋರ್ನ್ಸ್‌ಗಾಟನ್ ರಸ್ತೆಯಲ್ಲಿ ಹೊಗೆ ಜಾಸ್ತಿ ಬಿಡುವ ಹಳೆಯ ಡೀಸೆಲ್ ಗಾಡಿಗಳಿಗೆ ಪ್ರವೇಶವಿಲ್ಲ, ಹೊಗೆಯ ಮಾನದಂಡದಲ್ಲಿ ಯೂರೋ 6 ದರ್ಜೆ ಬೇಕು. ನಿಮ್ಮ ಕುಟುಂಬಕ್ಕೆ ಬ್ರೆಡೆಂಗ್ ಸರಿ.

ಸ್ವೀಡನ್‌ನಲ್ಲಿ ಎಲ್ಲಿ ಬೇಕಾದರೂ ತಂಗಬಹುದಂತೆ ಅಂತ ಯಾರಾದರೂ ಹೇಳುತ್ತಾರೆ. ಕಾಡಿನಲ್ಲಿ ನಡೆದು ಹೋಗಿ ಒಂದು ರಾತ್ರಿ ಟೆಂಟ್ ಹಾಕುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ, ನಿಜ. ಆದರೆ ಆ ಹಕ್ಕು ಮನುಷ್ಯರಿಗೆ, ಇಂಜಿನ್ ಇರುವ ಗಾಡಿಗೆ ಅಲ್ಲ. ರಸ್ತೆ ಬಿಟ್ಟು ನೆಲದ ಮೇಲೆ ಗಾಡಿ ಇಳಿಸುವುದೇ ಕಾನೂನಿಗೆ ವಿರುದ್ಧ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ಬೇರೆ ಫಲಕ ಇಲ್ಲದಿದ್ದರೆ ಒಂದು ರಾತ್ರಿ ಮಲಗಲು ಅಡ್ಡಿಯಿಲ್ಲ. ಕುರ್ಚಿ, ಮೇಜು ಹೊರಗೆ ಹರಡಬೇಡಿ.

ಪಾರ್ಕಿಂಗ್ ಫಲಕ ಓದುವುದನ್ನು ಹೊರಡುವ ಮೊದಲೇ ಕಲಿತುಕೊಳ್ಳಿ. ಒಂದೇ ಫಲಕದಲ್ಲಿ ಮೂರು ಸಾಲು ಅಂಕಿ ಇರುತ್ತವೆ. ಕಪ್ಪು ಅಥವಾ ಬಿಳಿಯಲ್ಲಿ ಬರೆದ ಗಂಟೆ ವಾರದ ದಿನಗಳಿಗೆ. ಆವರಣ ಚಿಹ್ನೆಯ ಒಳಗಿನದ್ದು ಶನಿವಾರಕ್ಕೆ ಮತ್ತು ಹಬ್ಬದ ಹಿಂದಿನ ದಿನಕ್ಕೆ. ಕೆಂಪಿನದ್ದು ಭಾನುವಾರ ಮತ್ತು ರಜಾದಿನಕ್ಕೆ. ದಾರಿಯಲ್ಲಿ ಸಣ್ಣ ಊರಿನಲ್ಲಿ ಊಟಕ್ಕೆ ನಿಲ್ಲಿಸಿದಾಗಲೂ ಇದು ಬೇಕಾಗುತ್ತದೆ. ಜೀಬ್ರಾ ದಾಟುಪಟ್ಟಿಗೆ ಬರುವ ಮೊದಲಿನ 10 ಮೀಟರ್‌ನಲ್ಲಿ ನಿಲ್ಲಿಸುವಂತಿಲ್ಲ, ನಾಲ್ಕು ರಸ್ತೆ ಕೂಡುವಲ್ಲೂ ಅಷ್ಟೇ ದೂರ ಬಿಡಬೇಕು. ಏಳು ಮೀಟರ್ ಗಾಡಿಯ ಹಿಂಭಾಗ ಆ ಗೆರೆಯೊಳಗೆ ಉಳಿದುಬಿಡುವುದು ಸುಲಭ. ಇಳಿದು ಹಿಂದೆ ಹೋಗಿ ನೋಡಿ.

ಇನ್ನು ಓಸ್ಲೋ. ದಯವಿಟ್ಟು ಈ ಸಲ ಬಿಡಿ. ಸ್ಟಾಕ್‌ಹೋಮ್‌ನಿಂದ ಓಸ್ಲೋಗೆ 500 ಕಿಲೋಮೀಟರಿಗೂ ಹೆಚ್ಚು. ಕಾರಿನಲ್ಲಿ ಅದು ಒಂದು ದಿನದ ದಾರಿ, ಮಕ್ಕಳಿರುವ ಮೋಟರ್‌ಹೋಮ್‌ನಲ್ಲಿ ಎರಡು ದಿನ. ಹೆದ್ದಾರಿಯಲ್ಲಿ 110 ಅಂತ ಫಲಕ ಇದ್ದರೂ ನೀವು 90–95ರಲ್ಲೇ ಇರುತ್ತೀರಿ, ಇರಬೇಕು ಕೂಡ. ಎರಡು ಗಂಟೆಗೊಮ್ಮೆ ನಿಲ್ಲಬೇಕು. ನನ್ನ ಲೆಕ್ಕ ಯಾವಾಗಲೂ ದಿನಕ್ಕೆ 300 ಕಿಲೋಮೀಟರ್ ಆಸುಪಾಸು, ಅದಕ್ಕಿಂತ ತುಂಬಾ ಮೇಲೆ ಬೇಡ. ಆ ಲೆಕ್ಕದಲ್ಲಿ ಓಸ್ಲೋ ಸೇರಿಸಿದರೆ ಸ್ಟಾಕ್‌ಹೋಮ್‌ಗೆ ಎರಡು ದಿನವೂ ಉಳಿಯುವುದಿಲ್ಲ. ನಿಮ್ಮ ಯಜಮಾನರಿಗೆ ಓಸ್ಲೋ ನೋಡಲೇಬೇಕು ಅಂತಿದ್ದರೆ ಕೀಲ್‌ನಿಂದ ಓಸ್ಲೋಗೆ ರಾತ್ರಿ ಹಡಗು ಇದೆ. ಇನ್ನೊಂದು ವರ್ಷ ಗಾಡಿ ಇಲ್ಲದೆ ಹೋಗಿ ಬರಬಹುದು.

ತಾರೀಖನ್ನೂ ಬದಲಾಯಿಸಿ ಅನ್ನುತ್ತೇನೆ. ಸ್ವೀಡನ್ನಿನ ಮಿಡ್‌ಸಮ್ಮರ್ ಹಬ್ಬದ ಮುನ್ನಾದಿನ ಪ್ರತಿ ವರ್ಷ ಜೂನ್ 19ರಿಂದ 25ರ ನಡುವಿನ ಶುಕ್ರವಾರ ಬರುತ್ತದೆ. ನೀವು ಹೊರಡಬೇಕು ಅಂದುಕೊಂಡ ವಾರವೇ ಅದು ಬೀಳುತ್ತದೆ. ಅವರಿಗೆ ಅದು ವರ್ಷದ ದೊಡ್ಡ ಹಬ್ಬ. ಊರಿನ ಜನ ಎಲ್ಲ ಹಳ್ಳಿಗೆ, ಕೆರೆ ದಂಡೆಗೆ ಹೋಗುತ್ತಾರೆ. ಅಂಗಡಿ, ಹೋಟೆಲ್ ಮುಚ್ಚಿರುತ್ತವೆ, ಕ್ಯಾಂಪ್‌ಸೈಟ್ ತುಂಬಿರುತ್ತವೆ. ಕೆಲವು ಕಡೆ ಮೂರು ರಾತ್ರಿಗಿಂತ ಕಡಿಮೆ ಬುಕಿಂಗೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯ, ಆಗ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ, ಮತ್ತೆ ಹುಟ್ಟುವುದು ಮೂರೂವರೆಗೆ. ಮೂರು ವರ್ಷದ ಮಗುವನ್ನು ಆ ಬೆಳಕಿನಲ್ಲಿ ಮಲಗಿಸುವುದು ಸುಲಭವಲ್ಲ. ಜುಲೈನಲ್ಲಿ ಸ್ವೀಡಿಷ್ ಜನರಿಗೇ ರಜೆ, ಆಗಲೂ ಜನಸಂದಣಿ. ನಿಮ್ಮ ಮಕ್ಕಳಿಗೆ ಇನ್ನೂ ಶಾಲೆಯ ಕಟ್ಟುಪಾಡಿಲ್ಲ. ಆಗಸ್ಟ್ ಎರಡನೇ ವಾರ ಹೊರಡಿ. ಸ್ಥಳೀಯರು ಕೆಲಸಕ್ಕೆ ಮರಳಿರುತ್ತಾರೆ, ನೀರು ಇನ್ನೂ ಬೆಚ್ಚಗಿರುತ್ತದೆ, ಜಾಗ ಸಿಗುತ್ತದೆ. ಸಣ್ಣ ಕ್ಯಾಂಪ್‌ಗಳಲ್ಲಿ ಆಫೀಸು ಬೇಗ ಮುಚ್ಚಬಹುದು, ಅಷ್ಟಕ್ಕೆ ಸಂಜೆ ಐದರ ಒಳಗೆ ತಲುಪಿದರೆ ಆಯಿತು.

ಈಗ ಗಾಡಿಗೆ ಬರೋಣ. ನೀವು ಐದು ಜನ. ಜಾಹೀರಾತಿನಲ್ಲಿ ಆರು ಜನ ಮಲಗಬಹುದು ಅಂತ ಇದ್ದರೆ ಅದನ್ನು ನೋಡಿ ಬುಕ್ ಮಾಡಬೇಡಿ. ಮಲಗುವ ಜಾಗ ಬೇರೆ, ಸೀಟ್ ಬೆಲ್ಟ್ ಇರುವ ಆಸನ ಬೇರೆ. ಆರು ಹಾಸಿಗೆ ಇದ್ದು ನಾಲ್ಕೇ ಬೆಲ್ಟ್ ಇರುವ ಗಾಡಿಗಳು ಬೇಕಾದಷ್ಟಿವೆ. ನಿಮಗೆ ಐದು ಬೆಲ್ಟ್ ಬೇಕು. ಅದರಲ್ಲೂ ಮಕ್ಕಳ ಎರಡು ಸೀಟು ಕೂರಿಸುವುದಕ್ಕೆ ಮುಂದಕ್ಕೆ ಮುಖ ಮಾಡಿದ ಎರಡು ಆಸನ ಇರಬೇಕು. ಪಕ್ಕಕ್ಕೆ ತಿರುಗಿದ ಸೋಫಾದ ಮೇಲೆ ಮಕ್ಕಳ ಸೀಟು ಹಾಕುವಂತಿಲ್ಲ. ಮಕ್ಕಳ ಸೀಟನ್ನು ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಎಲ್ಲ ಗಾಡಿಯಲ್ಲೂ ಇರುವುದಿಲ್ಲ. ಬಾಡಿಗೆ ಅಂಗಡಿಗೆ ನಿಮ್ಮ ಮಕ್ಕಳ ಸೀಟು ತೆಗೆದುಕೊಂಡು ಹೋಗಿ, ಕೂರಿಸಿ, ಅಲ್ಲಾಡಿಸಿ ನೋಡಿ, ಆಮೇಲೆ ಮುಂಗಡ ಕೊಡಿ.

ಅತ್ತೆಯವರ ಹಾಸಿಗೆಯ ಬಗ್ಗೆಯೂ ಯೋಚಿಸಿ. ಡ್ರೈವರ್ ತಲೆಯ ಮೇಲಿನ ಅಟ್ಟದ ಹಾಸಿಗೆಗೆ ಏಣಿ ಹತ್ತಬೇಕು. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವವರಿಗೆ ಅದು ಬೇಡವೇ ಬೇಡ. ಹಿಂಭಾಗದಲ್ಲಿ ಕೆಳಗೇ ಇರುವ ಕಾಯಂ ಹಾಸಿಗೆ ಅವರಿಗೆ ಮತ್ತು ಒಂದು ಮಗುವಿಗೆ ಕೊಡಿ. ನೀವಿಬ್ಬರೂ ಅಟ್ಟಕ್ಕೆ ಹೋಗಿ. ಇನ್ನೊಂದು ಮಗುವಿಗೆ ಊಟದ ಮೇಜು ಇಳಿಸಿದರೆ ಹಾಸಿಗೆ ಆಗುತ್ತದೆ.

ಬಹಳ ಜನ ತೂಕದ ಕಡೆ ಕಣ್ಣೇ ಹಾಯಿಸುವುದಿಲ್ಲ. ನಿಮ್ಮ ಬಿ ದರ್ಜೆಯ ಲೈಸೆನ್ಸಿನಲ್ಲಿ 3,500 ಕೆಜಿವರೆಗಿನ ಗಾಡಿ ಓಡಿಸಬಹುದು, ಬಾಡಿಗೆಗೆ ಸಿಗುವುದೂ ಹೆಚ್ಚಾಗಿ ಅಷ್ಟರದ್ದೇ. ಈ 3,500 ಎಲ್ಲ ತುಂಬಿದ ಮೇಲಿನ ತೂಕ. ಉದಾಹರಣೆಗೆ ಡ್ರೈವರ್, ಡೀಸೆಲ್ ಸೇರಿ ಗಾಡಿಯೇ 3,050 ಕೆಜಿ ಇದೆ ಅನ್ನಿ. ಉಳಿಯುವುದು 450. ನೀವು, ಅತ್ತೆ, ಮಕ್ಕಳು ಸೇರಿ ಸುಮಾರು 160. ಐದು ಜನರ ಬಟ್ಟೆಬರೆ 60. ಪಾತ್ರೆ, ಅಕ್ಕಿ, ಬೇಳೆ, ದಿನಸಿ 40. ಕುರ್ಚಿ, ಮೇಜು, ಕರೆಂಟ್ ವೈರು, ನೀರಿನ ಪೈಪು 35. ನೀರಿನ ಟ್ಯಾಂಕ್ ತುಂಬಿಸಿದರೆ ಇನ್ನೊಂದು 80. ಅಲ್ಲಿಗೆ 375 ಆಯಿತು. ಇದರ ಮೇಲೆ ಮಕ್ಕಳ ಸೀಟು, ಕೈಗಾಡಿ, ಹಿಂದೆ ಎರಡು ಎಲೆಕ್ಟ್ರಿಕ್ ಸೈಕಲ್ ಅಂದರೆ ಮಿತಿಗೆ ಬಂದು ಮುಟ್ಟಿದಿರಿ. ಗಾಡಿ ಬ್ರೇಕ್ ಹಾಕಿದಲ್ಲಿ ನಿಲ್ಲಬೇಕಾದರೆ, ಟೈರ್ ಸಿಡಿಯಬಾರದು ಅಂದರೆ ಈ ಲೆಕ್ಕ ಸರಿಯಿರಬೇಕು. ಸೈಕಲ್ ಬಿಟ್ಟು ಹೋಗಿ. ಓಡುವಾಗ ಟ್ಯಾಂಕಿನಲ್ಲಿ 20–30 ಲೀಟರ್ ನೀರು ಸಾಕು, ಕ್ಯಾಂಪ್ ತಲುಪಿ ತುಂಬಿಸಿಕೊಳ್ಳಿ. ಸ್ವೀಡನ್ನಿನಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು.

ಓಡಿಸುವ ಅಭ್ಯಾಸಕ್ಕೆ ಗಾಡಿ ಸಿಕ್ಕ ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಇಬ್ಬರೂ ಓಡಿಸಿ. ಬಿಎಂಟಿಸಿ ಬಸ್ಸು ತಿರುಗುವಾಗ ಅದರ ಹಿಂಭಾಗ ಆಚೆಗೆ ಬೀಸುತ್ತದೆ ನೋಡಿದ್ದೀರಲ್ಲ, ಮೋಟರ್‌ಹೋಮ್‌ನದ್ದೂ ಹಾಗೆಯೇ. ಬಾಡಿಗೆ ಗಾಡಿಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹಿಂದಿನ ಮೂಲೆಗೆ, ಅದೂ ನಿಧಾನವಾಗಿ ತಿರುಗಿಸುವಾಗ. ರಿವರ್ಸ್ ಹೋಗುವಾಗ ಒಬ್ಬರು ಕೆಳಗಿಳಿದು ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಲೇಬೇಕು. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು, ಡೆನ್ಮಾರ್ಕ್ ಮತ್ತು ಸ್ವೀಡನ್ ಎರಡರಲ್ಲೂ ಅದೇ ನಿಯಮ. ಸ್ವೀಡನ್ನಿನಲ್ಲಿ ಕುಡಿದು ಓಡಿಸುವ ಮಿತಿ ರಕ್ತದಲ್ಲಿ ಸಾವಿರಕ್ಕೆ 0.2, ಜರ್ಮನಿಯ ಅರ್ಧಕ್ಕಿಂತ ಕಡಿಮೆ. ಒಂದು ಬಿಯರ್ ಕೂಡ ಬೇಡ ಅಂತಲೇ ಇಟ್ಟುಕೊಳ್ಳಿ.

ದಾರಿ ಹೀಗೆ. ಹ್ಯಾಂಬರ್ಗ್‌ನಿಂದ ಪುಟ್‌ಗಾರ್ಡನ್ ಬಂದರಿಗೆ ಸುಮಾರು 150 ಕಿಲೋಮೀಟರ್. ಅಲ್ಲಿಂದ ಡೆನ್ಮಾರ್ಕಿನ ರೋಡ್‌ಬೂಗೆ 45 ನಿಮಿಷದ ಹಡಗು. ಮಕ್ಕಳಿಗೆ ಇದೇ ದೊಡ್ಡ ಸಂಭ್ರಮ, ಎಲ್ಲರೂ ಮೇಲಿನ ಡೆಕ್ಕಿಗೆ ಹೋಗಿ. ಗಾಡಿ ಬಿಟ್ಟು ಹೋಗುವ ಮೊದಲು ಗ್ಯಾಸ್ ಬಾಟಲಿಯ ವಾಲ್ವ್ ಮುಚ್ಚಬೇಕು. ಟಿಕೆಟ್ ತೆಗೆಯುವಾಗ ಗಾಡಿಯ ಪೂರ್ತಿ ಉದ್ದ ಹೇಳಿ, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದನ್ನೂ ಸೇರಿಸಿ. ರೋಡ್‌ಬೂನಿಂದ ಕೋಪನ್‌ಹೇಗನ್ ಅಂಚಿಗೆ ಬಂದು ಡೆನ್ಮಾರ್ಕ್, ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿ ದಾಟಬೇಕು. ಮೊದಲು ಸಮುದ್ರದ ಕೆಳಗೆ 4 ಕಿಲೋಮೀಟರ್ ಸುರಂಗ, ಆಮೇಲೆ ಕೃತಕವಾಗಿ ಕಟ್ಟಿದ ಪೆಬರ್‌ಹೋಲ್ಮ್ ದ್ವೀಪ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಸೇತುವೆ. 2000ನೇ ಇಸವಿಯ ಜುಲೈನಲ್ಲಿ ತೆರೆದದ್ದು. ಸುರಂಗದ ಕತ್ತಲಿನಿಂದ ಗಾಡಿ ಮೇಲೇರಿ, ಎರಡೂ ಕಡೆ ನೀರು ಕಾಣಿಸುವ ಆ ಕ್ಷಣಕ್ಕೆ ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಟೋಲ್ ಗೇಟು ಸ್ವೀಡನ್ ದಡದಲ್ಲಿದೆ. 6 ಮೀಟರ್ ಮೀರಿದ ಗಾಡಿಗೆ ದರ ಬಹಳ ಜಾಸ್ತಿ, ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಉಳಿತಾಯ. ಗಾಳಿ ಜೋರಾಗಿದ್ದ ದಿನ ಎತ್ತರದ ಗಾಡಿಗಳಿಗೆ ಎಚ್ಚರಿಕೆ ಕೊಡುತ್ತಾರೆ, ಕೆಲವು ಸಲ ತಡೆಯುತ್ತಾರೆ ಕೂಡ. ಅಂಥ ದಿನ ಕಾಯಿರಿ.

ದಾಟಿದ ಕೂಡಲೇ ಮಾಲ್ಮೋದ ಸಿಬ್ಬಾರ್ಪ್ ಕ್ಯಾಂಪ್‌ನಲ್ಲಿ ಎರಡು ರಾತ್ರಿ ನಿಲ್ಲಿ. ಸೇತುವೆ ಅಲ್ಲಿಂದಲೇ ಕಾಣುತ್ತದೆ. ಕೋಪನ್‌ಹೇಗನ್ ನೋಡುವುದು ಇಲ್ಲಿಂದ, ಗಾಡಿ ಬಿಟ್ಟು. ಮಾಲ್ಮೋದ ಹಿಲ್ಲಿಯೆ ನಿಲ್ದಾಣದಿಂದ ಅದೇ ಸೇತುವೆಯ ಕೆಳಹಂತದಲ್ಲಿ ರೈಲು ಓಡುತ್ತದೆ, ಅರ್ಧ ಗಂಟೆಯಲ್ಲಿ ಕೋಪನ್‌ಹೇಗನ್ ನಡುಭಾಗ. ಆ ಊರಿನ ಟ್ರಾಫಿಕ್ಕಿನಲ್ಲಿ ಏಳು ಮೀಟರ್ ಗಾಡಿ ನುಗ್ಗಿಸುವ ಅಗತ್ಯವೇ ಬೀಳುವುದಿಲ್ಲ. ಎಲ್ಲರ ಪಾಸ್‌ಪೋರ್ಟ್ ಜೊತೆಗಿರಲಿ.

ಮಾಲ್ಮೋದಿಂದ ಹೆಲ್ಸಿಂಗ್‌ಬೋರಿ ಹತ್ತಿರ ಇ4 ಹಿಡಿದರೆ ಸ್ಟಾಕ್‌ಹೋಮ್‌ವರೆಗೂ ಅದೇ ರಸ್ತೆ. ಒಟ್ಟು 600 ಕಿಲೋಮೀಟರ್ ಚಿಲ್ಲರೆ, ಅದನ್ನು ಗ್ರೆನ್ನಾದಲ್ಲಿ ಎರಡು ಮಾಡಿ. ವೆಟ್ಟೆರ್ನ್ ಸರೋವರದ ದಡದ ಪುಟ್ಟ ಊರದು. ಬಂದರಿನ ಪಕ್ಕದಲ್ಲೇ ಕ್ಯಾಂಪ್ ಇದೆ. ಕೆಂಪು ಬಿಳಿ ಪಟ್ಟೆಯ ಪುದೀನಾ ಮಿಠಾಯಿ ಹುಟ್ಟಿದ್ದು ಇಲ್ಲೇ, 1859ರಲ್ಲಿ ಅಮಾಲಿಯಾ ಎರಿಕ್ಸನ್ ಅನ್ನುವ ವಿಧವೆ ಮಗಳನ್ನು ಸಾಕಲು ಮಾಡಿ ಮಾರಲು ಶುರು ಮಾಡಿದರು. ಇವತ್ತಿಗೂ ಅಂಗಡಿಯ ಒಳಗೆ ನಿಂತು, ಬಿಸಿ ಸಕ್ಕರೆ ಪಾಕವನ್ನು ಎಳೆದು, ಹೊಸೆದು, ಪಟ್ಟೆ ಬರುವ ಹಾಗೆ ತಿರುಚುವುದನ್ನು ನೋಡಬಹುದು. ನಿಮ್ಮ ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಅತ್ತೆಯವರೂ ಪಾಕದ ಹದ ನೋಡುತ್ತಾ ನಿಂತುಬಿಟ್ಟಾರು. ಮರುದಿನ ದೋಣಿಯಲ್ಲಿ ವಿಸಿಂಗ್ಸೋ ದ್ವೀಪಕ್ಕೆ ಹೋಗಿ ಬನ್ನಿ, ಗಾಡಿ ಈ ದಡದಲ್ಲೇ ಇರಲಿ. ಮೂರನೇ ದಿನ ಸ್ಟಾಕ್‌ಹೋಮ್. ಹೆದ್ದಾರಿಯ ಬದಿಗೆ ಬೇಲಿ ಇದ್ದರೂ ಮುಂಜಾನೆ, ಮುಸ್ಸಂಜೆ ಎಲ್ಕ್ ಅನ್ನುವ ದೊಡ್ಡ ಕಾಡುಪ್ರಾಣಿ ರಸ್ತೆಗೆ ಬರುವುದುಂಟು. ಕತ್ತಲಾಗುವ ಮೊದಲೇ ನಿಲ್ಲಿಸಿ.

ಸ್ಟಾಕ್‌ಹೋಮ್‌ನಲ್ಲಿ ದಿನಕ್ಕೆ ಒಂದೇ ದೊಡ್ಡ ಕೆಲಸ ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಇದು ಚೆನ್ನಾಗಿರುತ್ತದೆ: ಬ್ರೆಡೆಂಗ್‌ನಿಂದ ಮೆಟ್ರೋದಲ್ಲಿ ಸ್ಲುಸೆನ್, ಅಲ್ಲಿ ಇಳಿದು ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗುವ 82ನೇ ನಂಬರಿನ ದೋಣಿ. ಅದೂ ನಗರ ಸಾರಿಗೆಯದ್ದೇ, ಬೇರೆ ಟಿಕೆಟ್ ಬೇಡ. ಒಂದು ಸಲ ತೆಗೆದ ಟಿಕೆಟ್ 75 ನಿಮಿಷ ನಡೆಯುತ್ತದೆ. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು. ದೊಡ್ಡವರ ಜೊತೆ ಹೋಗುವ ಏಳು ವರ್ಷದ ಒಳಗಿನ ಮಕ್ಕಳಿಗೆ ಉಚಿತ. 65 ದಾಟಿದವರಿಗೆ ದರ ಕಡಿಮೆ, ಅತ್ತೆಯವರ ಟಿಕೆಟ್ಟನ್ನು ಆ್ಯಪ್‌ನಲ್ಲಿ ಪ್ರತ್ಯೇಕವಾಗಿ ತೆಗೆಯಿರಿ. ದ್ವೀಪದಲ್ಲಿ ವಾಸಾ ಮ್ಯೂಸಿಯಂ ಇದೆ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟ ಯುದ್ಧನೌಕೆ ಬಂದರಿನಲ್ಲೇ ಮುಳುಗಿತು. ಮೇಲೆ ಫಿರಂಗಿಗಳ ಭಾರ ಜಾಸ್ತಿ, ಕೆಳಗೆ ನಿಲ್ಲಿಸುವ ತೂಕ ಕಡಿಮೆ. 333 ವರ್ಷ ನೀರಿನಡಿ ಇದ್ದು 1961ರಲ್ಲಿ ಮೇಲೆ ಬಂತು. ಒಳಗೆ ಕಾಲಿಟ್ಟಾಗ ಅರೆಗತ್ತಲಲ್ಲಿ 69 ಮೀಟರ್ ಉದ್ದದ ಇಡೀ ಹಡಗು ಎದುರಿಗೆ ನಿಂತಿರುತ್ತದೆ. ಮಕ್ಕಳಿಗೆ ಟಿಕೆಟ್ ಇಲ್ಲ.

ಇನ್ನೊಂದು ದಿನ ಪೂರ್ತಿ ಸ್ಕಾನ್‌ಸೆನ್‌ಗೆ ಇಡಿ. 1891ರಿಂದ ಇರುವ ಬಯಲು ಮ್ಯೂಸಿಯಂ. ದೇಶದ ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಕಳಚಿ ತಂದು ಜೋಡಿಸಿದ್ದಾರೆ, ಕರಡಿ, ಎಲ್ಕ್ ಕೂಡ ಇವೆ. ಜಾಗ ಏರುತಗ್ಗು, ಮಕ್ಕಳ ಕೈಗಾಡಿ ಮರೆಯಬೇಡಿ. ಮೂರನೆಯ ದಿನ ಗಾಮ್ಲಾ ಸ್ಟಾನ್‌ನ ಕಲ್ಲು ಹಾಸಿದ ಗಲ್ಲಿಗಳು, ಮಳೆ ಬಂದರೆ ಮೆಟ್ರೋದ ಕಲೆ. ನೀಲಿ ಮಾರ್ಗದ ಟಿ-ಸೆಂಟ್ರಾಲೆನ್, ಕುಂಗ್ಸ್‌ಟ್ರೆಡ್‌ಗೋರ್ಡನ್, ಸೋಲ್ನಾ ಸೆಂಟ್ರುಮ್ ನಿಲ್ದಾಣಗಳು ಬಂಡೆ ಕೊರೆದ ಗುಹೆಯ ಗೋಡೆಗೇ ಬಣ್ಣ ಬಳಿದವು. ಒಂದೇ ಟಿಕೆಟ್ಟಿನಲ್ಲಿ ಮೂರನ್ನೂ ನೋಡಬಹುದು. ಊರಿನಲ್ಲಿ ನೋಟು ಕೊಟ್ಟರೆ ಬಹಳ ಕಡೆ ತೆಗೆದುಕೊಳ್ಳುವುದಿಲ್ಲ, ಎಲ್ಲ ಕಾರ್ಡ್.

ಅಡುಗೆ ನಮ್ಮವರ ಪ್ರವಾಸದಲ್ಲಿ ಸಣ್ಣ ವಿಷಯವಲ್ಲ. ಜರ್ಮನಿಯಿಂದ ಅಕ್ಕಿ, ಬೇಳೆ, ಸಾರಿನ ಪುಡಿ, ಅವಲಕ್ಕಿ ಒಯ್ಯಲು ಯಾವ ತಡೆಯೂ ಇಲ್ಲ. ಆದರೆ ಗಾಡಿಯ ಒಳಗೆ ಒಗ್ಗರಣೆ ಬೇಡ. ಇಂಗು, ಸಾಸಿವೆ, ಕರಿಬೇವಿನ ವಾಸನೆ ಪರದೆ, ಹಾಸಿಗೆಗೆ ಹತ್ತಿದರೆ ಗಾಡಿ ಹಿಂದಿರುಗಿಸುವಾಗ ಕ್ಲೀನಿಂಗ್ ಖರ್ಚು ಅಂತ ಠೇವಣಿಯಿಂದ ಕಡಿಯಬಹುದು. ಸ್ವೀಡಿಷ್ ಕ್ಯಾಂಪ್‌ಗಳಲ್ಲಿ ಎಲ್ಲರಿಗೂ ಸೇರಿದ ಒಳ್ಳೆಯ ಅಡುಗೆಮನೆ ಇರುತ್ತದೆ, ಒಲೆ, ಸಿಂಕ್ ಸಮೇತ. ಹುರಿಯುವುದು, ಒಗ್ಗರಣೆ ಹಾಕುವುದು ಅಲ್ಲಿ. ಗಾಡಿಯಲ್ಲಿ ಕುಕ್ಕರ್ ಇಟ್ಟು ಅನ್ನ, ಬೇಳೆ ಮಾಡಿಕೊಳ್ಳಿ, ಕಿಟಕಿ ತೆರೆದಿರಲಿ. ಮನೆಯಲ್ಲೇ ಒಗ್ಗರಣೆ ಗೊಜ್ಜು, ಪುಳಿಯೋಗರೆ ಗೊಜ್ಜು ಮಾಡಿ ಬಾಟಲಿಗೆ ತುಂಬಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕರೆಂಟಿನ ಲೆಕ್ಕವೂ ಇದೆ. ಕ್ಯಾಂಪಿನ ಕಂಬದಲ್ಲಿ ಹೆಚ್ಚಾಗಿ ಸಿಗುವುದು 10 ಆಂಪಿಯರ್, ಅಂದರೆ 2,300 ವ್ಯಾಟ್. 2,000 ವ್ಯಾಟಿನ ಇಂಡಕ್ಷನ್ ಒಲೆ ಉರಿಯುವಾಗ ಮಿಕ್ಸಿ ಹಾಕಿದರೆ ಫ್ಯೂಸ್ ಹೋಗುತ್ತದೆ. ಒಂದಾದಮೇಲೆ ಒಂದು ಬಳಸಿ. ಕಂಬಕ್ಕೆ ವೈರು ಸಿಕ್ಕಿಸದಿದ್ದಾಗ ಗಾಡಿಯ ಸಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟೇ ಇರುವುದಿಲ್ಲ, ದಾರಿ ಬದಿಯಲ್ಲಿ ಚಟ್ನಿ ರುಬ್ಬುವ ಯೋಜನೆ ಬೇಡ. ಜರ್ಮನಿಯ 11 ಕೆಜಿ ಗ್ಯಾಸ್ ಬಾಟಲಿಯನ್ನು ಸ್ವೀಡನ್ನಿನಲ್ಲಿ ಬದಲಾಯಿಸಿ ಕೊಡುವುದಿಲ್ಲ. ಹೊರಡುವಾಗ ಎರಡೂ ತುಂಬಿದೆಯಾ ಅಂತ ಎತ್ತಿ ನೋಡಿ, ಬೇಸಿಗೆಯಲ್ಲಿ ಎರಡು ವಾರಕ್ಕೆ ಅವು ಧಾರಾಳ. ಟಾಯ್ಲೆಟ್ ಪೆಟ್ಟಿಗೆ 20 ಲೀಟರಿಗಿಂತ ಕಡಿಮೆ, ಐದು ಜನಕ್ಕೆ ಎರಡು ದಿನವೂ ಬರುವುದು ಕಷ್ಟ. ಕ್ಯಾಂಪಿನಲ್ಲಿ ಇರುವಾಗ ಕ್ಯಾಂಪಿನ ಶೌಚಾಲಯವನ್ನೇ ಬಳಸಿ, ಗಾಡಿಯದ್ದು ರಾತ್ರಿಗೆ ಮಾತ್ರ ಅಂತ ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ.

ಅತ್ತೆಯವರ ಜರ್ಮನ್ ಷೆಂಗನ್ ವೀಸಾ ಡೆನ್ಮಾರ್ಕ್, ಸ್ವೀಡನ್ ಎರಡಕ್ಕೂ ನಡೆಯುತ್ತದೆ. ಒಂದೇ ಪ್ರವೇಶದ ವೀಸಾ ಆದರೂ ತೊಂದರೆಯಿಲ್ಲ, ನೀವು ಷೆಂಗನ್ ಬಿಟ್ಟು ಹೊರಗೆ ಹೋಗುತ್ತಿಲ್ಲ. ಅವರ ಪ್ರವಾಸ ವಿಮೆಯ ಕಾಗದ ಮತ್ತು ಮಾತ್ರೆಗಳು ಕೈಚೀಲದಲ್ಲೇ ಇರಲಿ. ನಿಮ್ಮ ನಿವಾಸ ಪರವಾನಗಿ ಕಾರ್ಡ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಪಾಸ್‌ಪೋರ್ಟ್ ಕೂಡ ಬೇಕು. ಗಡಿಯಲ್ಲಿ ತಪಾಸಣೆ ಇರುತ್ತದೆ.

ಉಣುಗಿನ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಜೀವಿಯ) ಬಗ್ಗೆ ಎಚ್ಚರ. ಸ್ಟಾಕ್‌ಹೋಮ್ ಸುತ್ತಲಿನ ಹುಲ್ಲುಗಾವಲು, ದ್ವೀಪಗಳಲ್ಲಿ ಮಿದುಳಿಗೆ ಜ್ವರ ತರುವ ಟಿಬಿಇ ರೋಗ ಹರಡುವ ಉಣುಗುಗಳಿವೆ. ಲಸಿಕೆ ಇದೆ, ಆದರೆ ಮೊದಲ ಎರಡು ಡೋಸ್‌ಗಳ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಅದಕ್ಕೇ ಮಕ್ಕಳ ಡಾಕ್ಟರನ್ನು ಈಗಲೇ ಕೇಳಿ, ಆಗಸ್ಟ್ ಬಂದ ಮೇಲೆ ಅಲ್ಲ. ದಿನಾ ಸಂಜೆ ಸ್ನಾನದ ಹೊತ್ತಿಗೆ ಮಕ್ಕಳ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಬೇರೆ ಥರ ಬನ್ನಿ. ಸ್ಟಾಕ್‌ಹೋಮ್‌ನಿಂದ 200 ಕಿಲೋಮೀಟರ್ ದೂರದಲ್ಲಿ, ಲಿನ್‌ಶೋಪಿಂಗ್ ಪಕ್ಕದ ಬೆರಿ ಅನ್ನುವ ಊರಿನಲ್ಲಿ ಒಂದು ರಾತ್ರಿ. 1832ರಲ್ಲಿ ಪೂರ್ತಿಯಾದ ಯೋಟಾ ಕಾಲುವೆ ಅಲ್ಲಿ ಏಳು ಕಟ್ಟೆಬಾಗಿಲುಗಳ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ದೋಣಿಗಳು ಒಂದೊಂದೇ ಹಂತ ಇಳಿಯುವುದನ್ನು ಹುಲ್ಲಿನ ಮೇಲೆ ಕೂತು ನೋಡಬಹುದು. ಮರುದಿನ ಯುಂಗ್‌ಬಿ ಹತ್ತಿರ ತಂಗಿ, ಅದರ ಮರುದಿನ ಟ್ರೆಲ್ಲೆಬೋರಿ ಬಂದರು. ಅಲ್ಲಿಂದ ಟ್ರಾವೆಮ್ಯುಂಡೆಗೆ ರಾತ್ರಿ ಹಡಗು ಹಿಡಿದು, ಕ್ಯಾಬಿನ್ ತೆಗೆದುಕೊಂಡು ಮಲಗಿ. ಬೆಳಗ್ಗೆ ಇಳಿದರೆ ಹ್ಯಾಂಬರ್ಗ್ 100 ಕಿಲೋಮೀಟರ್ ಕೂಡ ಇಲ್ಲ. ಡೀಸೆಲ್ಲನ್ನು ಹ್ಯಾಂಬರ್ಗ್‌ನಲ್ಲೇ ತುಂಬಿಸಿ. ಆದರೆ ಟಾಯ್ಲೆಟ್ ಪೆಟ್ಟಿಗೆ ಮತ್ತು ಕೊಳಕು ನೀರಿನ ಟ್ಯಾಂಕನ್ನು ಯುಂಗ್‌ಬಿಯ ಕ್ಯಾಂಪ್ ಬಿಡುವ ಮೊದಲೇ ಖಾಲಿ ಮಾಡಿ ತೊಳೆದುಬಿಡಿ, ಹಡಗಿನಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲ. ಗಾಡಿ ಒಪ್ಪಿಸುವುದು ಸಾಮಾನ್ಯವಾಗಿ ಬೆಳಗ್ಗೆ ಹತ್ತರ ಒಳಗೆ. ಹಡಗು ತಡವಾದರೆ ಆ ದಿನವೇ ಕೊಡಲಾಗುವುದಿಲ್ಲ. ಹಾಗಾಗಿ ಬಾಡಿಗೆಯ ಕೊನೆಯ ದಿನವನ್ನು ಹಡಗು ಇಳಿಯುವ ದಿನಕ್ಕೆ ಇಡಬೇಡಿ, ಅದರ ಮರುದಿನಕ್ಕೆ ಇಡಿ. ಇಷ್ಟೆಲ್ಲ ಸೇರಿ ನಿಮ್ಮ ಎರಡು ವಾರದಲ್ಲೇ ಮುಗಿಯುತ್ತದೆ. ಬ್ರೆಡೆಂಗ್‌ನ ನಾಲ್ಕು ರಾತ್ರಿ ಸಿಕ್ಕ ತಾರೀಖು ನೋಡಿಕೊಂಡು ಹಡಗಿನ ಟಿಕೆಟ್ ತೆಗೆಯಿರಿ, ಅದಾದ ಮೇಲೆ ಗಾಡಿಗೆ ಸಹಿ ಹಾಕಿ.